ಸ್ಯಾನ್ ಹುವಾನ್‌ನಲ್ಲಿ ಹಡಗು ನಿಂತ ಮಧ್ಯಾಹ್ನ: ಎರಡು ಕೋಟೆ, ಒಂದು ಟಿಕೆಟ್, ನಾಲ್ಕೂವರೆಯ ಗಡುವು

ಹಡಗಿನವರ ಟೂರ್ ಕೊಳ್ಳದೆ, ಟ್ಯಾಕ್ಸಿ ಹಿಡಿಯದೆ, ಇಳಿದ ಕಾಲಲ್ಲೇ ನಡೆದು ನೋಡಬಹುದಾದ ಬಂದರುಗಳು ಕೆರಿಬಿಯನ್ ಕ್ರೂಸ್‌ಗಳಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಪೋರ್ಟೊ ರಿಕೊದ ಹಳೇ ಸ್ಯಾನ್ ಹುವಾನ್ ಅಂಥದ್ದು. ಊರಿನ ಗೋಡೆಯ ಬುಡದಲ್ಲೇ ಹಡಗು ಕಟ್ಟುತ್ತಾರೆ. ಏಣಿ ಇಳಿದ ಹದಿನೈದು ನಿಮಿಷಕ್ಕೆ ಕೋಟೆಯ ಬಾಗಿಲಲ್ಲಿ ನಿಂತಿರಬಹುದು. ಹಾಗಿದ್ದೂ ಇಲ್ಲಿಗೆ ಬಂದವರಲ್ಲಿ ಎಷ್ಟೋ ಮಂದಿ ಕೋಟೆಯ ಒಳಗೆ ಕಾಲಿಡದೆಯೇ ಹಡಗು ಹತ್ತುತ್ತಾರೆ. ಕಾರಣ ಸರಳ. ಬಹಳಷ್ಟು ಹಡಗುಗಳು ಇಲ್ಲಿಗೆ ಬರುವುದು ಮಧ್ಯಾಹ್ನದ ಮೇಲೆ, ಕೋಟೆಗಳು ಮುಚ್ಚುವುದು ಸಂಜೆ 4:30ಕ್ಕೆ. ಇಳಿದ ಕೂಡಲೆ ಊಟಕ್ಕೋ ಅಂಗಡಿಗೋ ಹೊರಟವರಿಗೆ ಕೋಟೆ ಸಿಗುವುದಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಏನು ನೋಡಬೇಕು ಎನ್ನುವಷ್ಟೇ ಒತ್ತು ಯಾವುದನ್ನು ಯಾವುದರ ನಂತರ ನೋಡಬೇಕು ಎನ್ನುವುದಕ್ಕೂ ಇದೆ.

ಮೊದಲು ಗಡಿಯಾರ ಮತ್ತು ಪಾಸ್‌ಪೋರ್ಟ್

ಪೋರ್ಟೊ ರಿಕೊದಲ್ಲಿ ಬೇಸಿಗೆ, ಚಳಿಗಾಲ ಎಂದು ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ. ಬೇಸಿಗೆಯಲ್ಲಿ ಮಯಾಮಿಯ ಸಮಯವೂ ಇಲ್ಲಿನ ಸಮಯವೂ ಒಂದೇ. ಚಳಿಗಾಲದಲ್ಲಿ ಸ್ಯಾನ್ ಹುವಾನ್ ಒಂದು ಗಂಟೆ ಮುಂದೆ. ಕೆಲವು ಹಡಗುಗಳು ಬಂದರಿಗೆ ತಕ್ಕಂತೆ ಗಡಿಯಾರ ಬದಲಿಸುತ್ತವೆ, ಕೆಲವು ಹೊರಟ ಊರಿನ ಸಮಯವನ್ನೇ ಕಡೆತನಕ ಇಟ್ಟುಕೊಳ್ಳುತ್ತವೆ. ಎರಡನೆಯ ಬಗೆಯ ಹಡಗಿನಲ್ಲಿ ಡಿಸೆಂಬರ್, ಜನವರಿಯಲ್ಲಿ ಬಂದರೆ ಕೋಟೆ ಮುಚ್ಚುವ ಹೊತ್ತಿಗೆ ಹಡಗಿನ ಗಡಿಯಾರ 3:30 ತೋರಿಸುತ್ತಿರುತ್ತದೆ. ಫೋನ್ ತಾನಾಗಿ ಸ್ಥಳೀಯ ಸಮಯಕ್ಕೆ ಬದಲಾಗುವುದರಿಂದ ಗೊಂದಲ ಇನ್ನೂ ಹೆಚ್ಚು. ಕೈಗಡಿಯಾರವನ್ನು ಹಡಗಿನ ಸಮಯಕ್ಕಿಡಿ, ಕೋಟೆಗೆ ಫೋನ್ ನೋಡಿ, ವಾಪಸು ಹತ್ತುವುದಕ್ಕೆ ಕೈಗಡಿಯಾರ ನೋಡಿ. ‘ಎಲ್ಲರೂ ಹಡಗಿನಲ್ಲಿರಬೇಕು’ ಎಂದು ಹೇಳುವ ಸಮಯ ಹಡಗು ಹೊರಡುವ ಸಮಯಕ್ಕಿಂತ ಅರ್ಧ ಗಂಟೆಯಾದರೂ ಮುಂಚೆ ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪೋರ್ಟೊ ರಿಕೊ ಅಮೆರಿಕದ ಆಡಳಿತಕ್ಕೆ ಸೇರಿದ ನೆಲ. ಡಾಲರ್ ನಡೆಯುತ್ತದೆ, ಅಮೆರಿಕದ ಸಿಮ್ ಬಹುಪಾಲು ಮನೆಯಲ್ಲಿದ್ದ ಹಾಗೆಯೇ ಕೆಲಸ ಮಾಡುತ್ತದೆ. ಆದರೆ ಹಡಗಿನ ಹಿಂದಿನ ನಿಲ್ದಾಣ ಬೇರೆ ದೇಶದ ದ್ವೀಪವಾಗಿದ್ದರೆ ಸ್ಯಾನ್ ಹುವಾನ್‌ನಲ್ಲಿ ಅಮೆರಿಕದ ವಲಸೆ ತಪಾಸಣೆ ನಡೆಯುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯಬಹುದು. ತಪಾಸಣೆಗೆ ಕರೆಯುವ ಸಮಯ ಮತ್ತು ಜಾಗ ಹಿಂದಿನ ರಾತ್ರಿ ಹಡಗಿನವರು ಕೊಡುವ ದಿನದ ಕಾರ್ಯಕ್ರಮಪಟ್ಟಿಯಲ್ಲಿ ಬಂದಿರುತ್ತದೆ. ಕರೆದ ಮೊದಲ ಐದು ನಿಮಿಷದಲ್ಲೇ ಸಾಲಿನಲ್ಲಿ ನಿಂತರೆ ಮಧ್ಯಾಹ್ನ ಉಳಿಯುತ್ತದೆ.

ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮವರು ಎಡವುವ ಜಾಗ ಇನ್ನೊಂದಿದೆ, ಅದನ್ನು ಟಿಕೆಟ್ ಕೊಳ್ಳುವ ಮುಂಚೆಯೇ ನೋಡಿಕೊಳ್ಳಬೇಕು. ಎಚ್-1ಬಿ (ಕೆಲಸದ ವೀಸಾ) ಅನುಮತಿ ಪತ್ರ ಚಾಲ್ತಿಯಲ್ಲಿದ್ದು ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದ್ದರೆ ದೇಶದೊಳಗೆ ಇರಲು ಅಡ್ಡಿಯಿಲ್ಲ. ಆದರೆ ಹಡಗು ಒಂದು ವಿದೇಶಿ ದ್ವೀಪವನ್ನು ಮುಟ್ಟಿ ಬಂದರೂ ಅದು ಹೊಸ ಪ್ರವೇಶವೇ, ಸ್ಟ್ಯಾಂಪ್ ಬೇಕೇ ಬೇಕು. ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿಬರುವವರಿಗೆ ಇರುವ ವಿನಾಯಿತಿ ಕೆರಿಬಿಯನ್ ದ್ವೀಪಗಳ ಮಟ್ಟಿಗೆ ಎಫ್-1 (ವಿದ್ಯಾರ್ಥಿ) ಮತ್ತು ಜೆ-1 (ವಿನಿಮಯ ಕಾರ್ಯಕ್ರಮ) ವರ್ಗಗಳಿಗೆ ಮಾತ್ರ ಷರತ್ತಿನೊಂದಿಗೆ ಸಿಗುತ್ತದೆ, ಎಚ್-1ಬಿಗೆ ಸಿಗುವುದಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಅವರ ವೀಸಾ ಬಹುಪ್ರವೇಶದ್ದೇ ಎಂದು ಖಾತ್ರಿ ಮಾಡಿಕೊಳ್ಳಿ.

ಸ್ಯಾನ್ ಕ್ರಿಸ್ಟೊಬಲ್ ಮೊದಲು, ಎಲ್ ಮೊರೊ ಆಮೇಲೆ

ಪ್ರವಾಸಿ ಚಿತ್ರಗಳಲ್ಲಿ ಕಾಣುವುದು ಎಲ್ ಮೊರೊ ಕೋಟೆ. ಆದ್ದರಿಂದ ಎಲ್ಲರೂ ಇಳಿದು ನೇರ ಅಲ್ಲಿಗೇ ಹೊರಡುತ್ತಾರೆ. ಅದು ಊರಿನ ಇನ್ನೊಂದು ತುದಿ. ಏರುದಾರಿಯಲ್ಲಿ ಬಿಸಿಲು ತಿಂದು ತಲುಪುವಷ್ಟರಲ್ಲಿ ಅರ್ಧ ಶಕ್ತಿ ಮುಗಿದಿರುತ್ತದೆ, ಎರಡನೆಯ ಕೋಟೆಗೆ ಹೊತ್ತು ಉಳಿಯುವುದಿಲ್ಲ. ಮಧ್ಯಾಹ್ನ ಬಂದ ಹಡಗಿನವರು ಇದನ್ನು ತಿರುಗಿಸಿ ಮಾಡಬೇಕು. 1, 3, 4ನೇ ಪಿಯರ್‌ಗಳಿಂದ (ಹಡಗುಕಟ್ಟೆಗಳಿಂದ) ಕೊಲಂಬಸ್ ಪ್ರತಿಮೆ ಇರುವ ಪ್ಲಾಸಾ ಕೊಲೊನ್‌ಗೆ ಐದೆಂಟು ನಿಮಿಷ, ಅಲ್ಲಿಂದ ಏರು ಹತ್ತಿದರೆ ಸ್ಯಾನ್ ಕ್ರಿಸ್ಟೊಬಲ್ ಕೋಟೆಯ ಬಾಗಿಲು. ಸುರಂಗಗಳು, ಕಮಾನಿನ ಕೋಣೆಗಳು ಇರುವುದರಿಂದ ಸುಡುವ ಹೊತ್ತಿನಲ್ಲಿ ನೆರಳೂ ಸಿಗುತ್ತದೆ.

ಟಿಕೆಟ್ 16 ವರ್ಷ ಮೇಲ್ಪಟ್ಟವರಿಗೆ ತಲೆಗೆ 10 ಡಾಲರ್, ಮಕ್ಕಳಿಗೆ ಇಲ್ಲ. ಅದೇ ಟಿಕೆಟಿನಲ್ಲಿ 24 ಗಂಟೆಯೊಳಗೆ ಎರಡೂ ಕೋಟೆ ನೋಡಬಹುದು, ರಸೀದಿ ಎಸೆಯಬೇಡಿ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಈ ಕೋಟೆಗಳನ್ನು ನೋಡಿಕೊಳ್ಳುವುದು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ. ಎಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್‌ಗೆ ಕೊಂಡ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಮನೆಯಲ್ಲಿದ್ದರೆ ಅದನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಿ. ಪಾಸ್‌ದಾರರ ಜೊತೆ ಇನ್ನೂ ಮೂವರು ದೊಡ್ಡವರು ಬಿಟ್ಟಿಯಾಗಿ ಒಳಗೆ ಹೋಗಬಹುದು. ಸಮಯ ಬೆಳಿಗ್ಗೆ 9:30ರಿಂದ ಸಂಜೆ 4:30. ಚಂಡಮಾರುತದ ಕಾಲದಲ್ಲಿ ಇದು ಬದಲಾಗುವುದುಂಟು, ಹೊರಡುವ ಮುನ್ನ ಉದ್ಯಾನ ಇಲಾಖೆಯ ಪುಟ ನೋಡಿ.

ಎರಡು ಕೋಟೆ ಯಾಕೆ ಬೇಕಾಯಿತು ಎಂಬುದು ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಸ್ಪೇನಿನವರು ಎಲ್ ಮೊರೊ ಕಟ್ಟಲು ಶುರುಮಾಡಿದ್ದು 1539ರಲ್ಲಿ, ಕೊಲ್ಲಿಯ ಬಾಯಿ ಕಾಯಲು. ಸಮುದ್ರದಿಂದ ಬಂದವರನ್ನು ಅದು ಚೆನ್ನಾಗಿಯೇ ತಡೆಯಿತು: 1595ರಲ್ಲಿ ಇಂಗ್ಲೆಂಡಿನ ನಾವಿಕ ಫ್ರಾನ್ಸಿಸ್ ಡ್ರೇಕ್ ಬಂದು ಸೋತು ಹೋದ. ಆದರೆ ಮೂರೇ ವರ್ಷಕ್ಕೆ, 1598ರಲ್ಲಿ, ಇಂಗ್ಲೆಂಡಿನದೇ ಕುಲೀನ ಕಂಬರ್ಲೆಂಡಿನ ಅರ್ಲ್ ಪೂರ್ವಕ್ಕೆ ಸೈನ್ಯ ಇಳಿಸಿ ನೆಲದ ಕಡೆಯಿಂದ ಬಂದು ಕೋಟೆಯನ್ನೇ ಹಿಡಿದ. 1625ರಲ್ಲಿ ಡಚ್ಚರು ಊರನ್ನು ಹಿಡಿದು ಸುಟ್ಟರು. ಬೆನ್ನು ಕಾಯುವವರಿಲ್ಲ ಎಂಬುದು ಎರಡು ಸಲ ಸಾಬೀತಾದ ಮೇಲೆ ನೆಲದ ಕಡೆಗೆ ಎದ್ದದ್ದು ಸ್ಯಾನ್ ಕ್ರಿಸ್ಟೊಬಲ್. 1634ರಲ್ಲಿ ಶುರುವಾದ ಕೆಲಸ ಹದಿನೆಂಟನೆಯ ಶತಮಾನದ ಕೊನೆಗೆ ಈಗಿನ ರೂಪಕ್ಕೆ ಬಂತು; ಅಮೆರಿಕ ಖಂಡಗಳಲ್ಲಿ ಸ್ಪೇನ್ ಕಟ್ಟಿದ ಕೋಟೆಗಳಲ್ಲಿ ಇದೇ ದೊಡ್ಡದು. 1797ರಲ್ಲಿ ಬ್ರಿಟಿಷರು ಮತ್ತೆ ಪೂರ್ವದಿಂದ ಬಂದಾಗ ಊರಿನೊಳಗೆ ಕಾಲಿಡಲಾಗಲಿಲ್ಲ.

ಮೇಲಿನ ಮಜಲಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಈ ಕಟ್ಟಡದ ತರ್ಕ ಒಂದೇ ನೋಟಕ್ಕೆ ಸಿಗುತ್ತದೆ. ಹೊರಗಿನ ಕೊತ್ತಳ ತಗ್ಗು, ಅದರ ಒಳಗಿನದು ಸ್ವಲ್ಪ ಎತ್ತರ, ಅದರ ಹಿಂದೆ ಕಂದಕ, ಅದರ ಹಿಂದೆ ಇನ್ನೂ ಎತ್ತರದ ಮುಖ್ಯ ಗೋಡೆ. ಶತ್ರು ಒಂದನ್ನು ಹಿಡಿದರೂ ಅವನ ತಲೆಯ ಮೇಲೆ ಇನ್ನೊಂದರ ಫಿರಂಗಿ ಇರುತ್ತದೆ. ಇಲ್ಲಿ ಬಿಡದೆ ನೋಡಬೇಕಾದವು ಮೂರು. ಮುಖ್ಯ ಅಂಗಳದ ನೆಲದಡಿಯಲ್ಲಿ ಮಳೆನೀರು ಕೂಡಿಡುತ್ತಿದ್ದ ಐದು ದೊಡ್ಡ ತೊಟ್ಟಿಗಳು. ಸುರಂಗದ ಬದಿಯ ಕತ್ತಲೆ ಕೋಣೆಯ ಗೋಡೆಯ ಮೇಲೆ ಕೈದಿಯೊಬ್ಬ ಬರೆದ ಹಾಯಿ ಹಡಗುಗಳ ಚಿತ್ರ. ಹಗ್ಗ, ಪಟಸ್ತಂಭ ಎಲ್ಲ ಬಲ್ಲವನ ಕೈ ಅದು. ಮತ್ತೆ, ಕೆಳಗೆ ಸಮುದ್ರದಂಚಿನಲ್ಲಿ ಒಂಟಿಯಾಗಿ ನಿಂತ ‘ದೆವ್ವದ ಕಾವಲುಗೂಡು’. ಅಲ್ಲಿ ರಾತ್ರಿ ಕಾವಲಿದ್ದ ಸೈನಿಕ ಕಾಣೆಯಾದ ಎಂಬ ಕಥೆ ಇದೆ. ಅಲ್ಲಿಗೆ ಹೋಗಲು ಬಿಡುವುದಿಲ್ಲ, ಮೇಲಿನಿಂದಲೇ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಹಳೆಯ ಗೋಡೆಯ ಮೇಲೆಯೇ ಕಾಂಕ್ರೀಟ್ ವೀಕ್ಷಣಾ ಗೂಡು ಕೂರಿಸಿದೆ. ನೋಡಲು ಚಂದವಿಲ್ಲ, ಆದರೆ ಕೋಟೆ ನಾಲ್ಕು ಶತಮಾನಗಳಲ್ಲಿ ದುಡಿದದ್ದಕ್ಕೆ ಅದೂ ಸಾಕ್ಷಿ. ಒಂದು ಗಂಟೆ ಇಲ್ಲಿಗೆ ಸಾಕು.

ಅಲ್ಲಿಂದ ನೊರ್ಸಗರಾಯ್ ಬೀದಿ ಹಿಡಿದು ಪಶ್ಚಿಮಕ್ಕೆ ಸುಮಾರು 1.6 ಕಿಲೋಮೀಟರ್, 20ರಿಂದ 25 ನಿಮಿಷ. ಬಲಕ್ಕೆ ಉದ್ದಕ್ಕೂ ಅಟ್ಲಾಂಟಿಕ್, ಗೋಡೆಯ ಹೊರಗೆ ಲಾ ಪೆರ್ಲಾ ಬಡಾವಣೆಯ ಬಣ್ಣದ ಮನೆಗಳು. ಅದು ಜನ ವಾಸಿಸುವ ಕೇರಿ. ಮೇಲೆ ನಿಂತು ಅವರ ಅಂಗಳದ ಫೋಟೊ ಹೊಡೆಯುವುದು ಬೇಡ. ದಾರಿಯಲ್ಲಿ ನೆರಳಿಲ್ಲ. ಟೋಪಿ, ತಲೆಗೆ ಒಂದು ಲೀಟರ್ ನೀರು ಇರಲಿ.

ಎಲ್ ಮೊರೊ ಮುಂದಿನ ಹುಲ್ಲುಬಯಲನ್ನು ದಾಟುವುದಕ್ಕೇ ಐದಾರು ನಿಮಿಷ ಬೇಕು. ಅದು ಬಯಲಾಗಿ ಉಳಿದದ್ದಕ್ಕೂ ಕಾರಣವಿದೆ: ನುಗ್ಗಿ ಬರುವವರಿಗೆ ಮರೆ ಸಿಗಬಾರದು. ಕೋಟೆಯಲ್ಲಿ ಆರು ಮಜಲು. ನೆತ್ತಿ ಸಮುದ್ರಮಟ್ಟದಿಂದ 145 ಅಡಿ. ಒಳಗೆ ಹೋದವರು ಮಾಡುವ ತಪ್ಪು ಮೇಲಿನ ಮಜಲಿನಲ್ಲೇ ಫೋಟೊಗಳಿಗೆ ಹೊತ್ತು ಕಳೆಯುವುದು. ಮೊದಲು ಫಿರಂಗಿಗಳನ್ನು ಎಳೆದೊಯ್ಯಲು ಮಾಡಿದ ಕಡಿದಾದ ಇಳಿಜಾರಿನಲ್ಲಿ ಕೆಳಗಿನ ತೋಪುಗಟ್ಟೆಗೆ (ಫಿರಂಗಿ ನಿಲ್ಲಿಸುವ ಕಟ್ಟೆಗೆ) ಇಳಿಯಿರಿ. ಕೊಲ್ಲಿಯ ಬಾಯಿ ಎಷ್ಟು ಕಿರಿದು, ಎದುರು ದಡದ ಎಲ್ ಕನ್ಯುವೆಲೊ ಎಂಬ ಪುಟ್ಟ ಕೋಟೆಯ ಜೊತೆ ಸೇರಿ ಎರಡು ಬದಿಯಿಂದ ಗುಂಡು ಹೇಗೆ ಬೀಳುತ್ತಿತ್ತು ಎಂಬುದು ಅಲ್ಲಿ ನಿಂತಾಗಲೇ ತಿಳಿಯುವುದು. ಹತ್ತಿ ಬರುವ ದಮ್ಮು ಉಳಿದಿದ್ದರೆ ಆಮೇಲೆ ದೀಪಸ್ತಂಭ. ಮಂಡಿನೋವು ಇರುವವರು ಮುಖ್ಯ ಅಂಗಳದಲ್ಲೇ ಉಳಿಯುವುದು ಕ್ಷೇಮ. ಅಲ್ಲಿಯವರೆಗೆ ಗಾಲಿಕುರ್ಚಿಯೂ ಹೋಗುತ್ತದೆ.

ಮಕ್ಕಳಿದ್ದರೆ ಟಿಕೆಟ್ ಕೌಂಟರಿನಲ್ಲಿ ಜೂನಿಯರ್ ರೇಂಜರ್ ಪುಸ್ತಿಕೆ ಕೇಳಿ. ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಅವರು ದೊಡ್ಡವರಿಗಿಂತ ಚೆನ್ನಾಗಿ ಕೋಟೆ ನೋಡುತ್ತಾರೆ, ಕೊನೆಗೆ ಬ್ಯಾಡ್ಜೂ ಸಿಗುತ್ತದೆ. ಡ್ರೋನ್ ಹಾರಿಸುವಂತಿಲ್ಲ.

ಲೆಕ್ಕ ಹೀಗೆ ಕೂಡುತ್ತದೆ. 1:30ಕ್ಕೆ ಹಡಗಿಳಿದರೆ 1:50ಕ್ಕೆ ಸ್ಯಾನ್ ಕ್ರಿಸ್ಟೊಬಲ್, 2:50ಕ್ಕೆ ಹೊರಗೆ, 3:25ಕ್ಕೆ ಎಲ್ ಮೊರೊ ಬಾಗಿಲು, ಒಂದು ಗಂಟೆ ಒಳಗೆ. ಇಳಿಯುವುದು 2:30 ದಾಟಿದರೆ ಎರಡಕ್ಕೂ ಓಡಬೇಡಿ. ಸ್ಯಾನ್ ಕ್ರಿಸ್ಟೊಬಲ್ ಒಂದನ್ನೇ ನಿಧಾನವಾಗಿ ನೋಡಿ, ಎಲ್ ಮೊರೊವನ್ನು ಹೊರಗಿನ ಬಯಲಿನಿಂದ ನೋಡಿ. ಬಯಲಿಗೆ ಟಿಕೆಟ್ ಇಲ್ಲ, ಸಂಜೆ 6ರವರೆಗೆ ತೆರೆದಿರುತ್ತದೆ. ಬೆಳಿಗ್ಗೆಯೇ ಹಡಗು ಬಂದರೆ ಮಾತ್ರ ಎಲ್ ಮೊರೊ ಮೊದಲು. ಇನ್ನು ನಿಮ್ಮ ಹಡಗು ಸ್ಯಾನ್ ಆಂಟೋನಿಯೊ ಕಾಲುವೆಯ ಆಚೆಯ ಪಾನಮೆರಿಕಾನೊ ಪಿಯರಿನಲ್ಲಿ ನಿಂತಿದ್ದರೆ ನಡೆಯುವ ಯೋಚನೆ ಬಿಟ್ಟು ಟ್ಯಾಕ್ಸಿಯಲ್ಲಿ ಪ್ಲಾಸಾ ಕೊಲೊನ್‌ಗೆ ಬನ್ನಿ. ಯಾವ ಪಿಯರ್ ಎಂದು ಹಿಂದಿನ ದಿನವೇ ಅತಿಥಿ ಸೇವೆಯ ಮೇಜಿನಲ್ಲಿ ಕೇಳಬಹುದು.

ನಾಲ್ಕೂವರೆಯ ನಂತರ ಇಳಿದಾರಿ

ಕೋಟೆ ಮುಚ್ಚಿದ ಮೇಲಿನ ಹೊತ್ತೇ ಊರು ನೋಡಲು ಹದವಾದದ್ದು. ಬಯಲಿನಲ್ಲಿ ಮನೆಮಂದಿಯೆಲ್ಲ ಗಾಳಿಪಟ ಹಾರಿಸುತ್ತಿರುತ್ತಾರೆ. ಇಲ್ಲಿನವರು ಅದನ್ನು ‘ಚಿರಿಂಗಾ’ ಎನ್ನುತ್ತಾರೆ. ಪೂರ್ವದಿಂದ ಸತತ ಬೀಸುವ ಗಾಳಿಗೆ ಹೊಸಬರ ಪಟವೂ ಏರುತ್ತದೆ. ಅಲ್ಲಿಂದ ಮುಂದಿನ ದಾರಿ ಪೂರ್ತಿ ಇಳಿಜಾರು. ಪ್ಲಾಸಾ ಸ್ಯಾನ್ ಹೊಸೆಯಲ್ಲಿರುವ, ದ್ವೀಪದ ಮೊದಲ ಸ್ಪ್ಯಾನಿಷ್ ಗವರ್ನರ್ ಪೊನ್ಸೆ ದೆ ಲಿಯೊನ್‌ನ ಪ್ರತಿಮೆ 1797ರಲ್ಲಿ ಬ್ರಿಟಿಷರಿಂದ ಕಿತ್ತುಕೊಂಡ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದದ್ದು. ಪಕ್ಕದ ಸ್ಯಾನ್ ಹೊಸೆ ಚರ್ಚಿನ ಕೆಲಸ 1532ರಲ್ಲಿ ಶುರುವಾದದ್ದು. ದೀರ್ಘ ದುರಸ್ತಿಯ ನಂತರ 2021ರಲ್ಲಿ ಬಾಗಿಲು ತೆರೆದಿದೆ. ಕ್ರಿಸ್ಟೊ ಬೀದಿಯಲ್ಲಿ ಇಳಿದರೆ ಕೆಥೆಡ್ರಲ್, ಪೊನ್ಸೆ ದೆ ಲಿಯೊನ್‌ನ ಸಮಾಧಿ ಇರುವುದು ಅದರೊಳಗೆ. ಬೀದಿಗೆ ಹಾಸಿದ ನೀಲಿ ಕಲ್ಲುಗಳನ್ನು ಗಮನಿಸಿ. ಅವು ಕಲ್ಲಲ್ಲ, ಕಬ್ಬಿಣದ ಕುಲುಮೆಯ ಕಿಟ್ಟವನ್ನು ಅಚ್ಚು ಹೊಯ್ದ ಇಟ್ಟಿಗೆ. ಒಣಗಿದ್ದಾಗ ಚಂದ, ಒಂದು ಹನಿ ಮಳೆ ಬಿದ್ದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತವೆ. ಹವಾಯಿ ಚಪ್ಪಲಿ, ಹಿಮ್ಮಡಿ ಎತ್ತರದ ಪಾದರಕ್ಷೆ ಎರಡೂ ಬೇಡ.

ಕೆಥೆಡ್ರಲ್ ಎದುರಿನ ಇಳಿಬೀದಿ ಕೆಂಪು ಬಣ್ಣದ ಸ್ಯಾನ್ ಹುವಾನ್ ಬಾಗಿಲಿಗೆ ತಲುಪುತ್ತದೆ. ದಾಟಿದರೆ ಕೋಟೆಗೋಡೆಯ ಬುಡ, ಕಡಲ ಅಂಚು. ಇಲ್ಲಿ ಬಲಕ್ಕೆ ಹೋಗುವ ಪಸೆಯೊ ದೆಲ್ ಮೊರೊ ಕಾಲುದಾರಿ ಸೊಗಸಾಗಿದೆ, ಗೋಡೆಯ ನಿಜವಾದ ಎತ್ತರ ಗೊತ್ತಾಗುವುದು ಇಲ್ಲಿಂದಲೇ. ಆದರೆ ಎಲ್ ಮೊರೊಗೆ ಹೋಗುವ ದಾರಿ ಎಂದು ಹೆಸರು ನೋಡಿ ನಂಬಿ ಹೊರಟವರು ಪೇಚಿಗೆ ಸಿಕ್ಕುತ್ತಾರೆ: ಅಲ್ಲಿಂದ ಮೇಲೆ ಹತ್ತಲು ಮೆಟ್ಟಿಲಿಲ್ಲ, ಬಂದ ದಾರಿಯಲ್ಲೇ ಮರಳಬೇಕು. ಎಡಕ್ಕೆ ತಿರುಗಿದರೆ ಪಸೆಯೊ ದೆ ಲಾ ಪ್ರಿನ್ಸೆಸಾ, ಮರಗಳ ಸಾಲಿನ ಅಗಲವಾದ ನಡಿಗೆದಾರಿ. ಅದು ನೇರ ಹಡಗಿನ ಕಟ್ಟೆಗೇ ತಂದುಬಿಡುತ್ತದೆ.

ಸಸ್ಯಾಹಾರಿಗಳ ಊಟ

ಇಲ್ಲಿ ಎಚ್ಚರ ಬೇಕು, ಹಸಿವಿನಿಂದ ಇರಬೇಕಾಗಿಲ್ಲ. ಊರಿನ ಹೆಮ್ಮೆಯ ತಿನಿಸು ಮೊಫೊಂಗೊ: ಬಲಿತ ಬಾಳೆಕಾಯಿಯನ್ನು ಕರಿದು, ಮರದ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ, ಎಣ್ಣೆ ಹಾಕಿ ಜಜ್ಜಿ, ಗುಮ್ಮಟದಂತೆ ಬಡಿಸುತ್ತಾರೆ. ತರಕಾರಿಯದ್ದು ಎಂದು ಪಟ್ಟಿಯಲ್ಲಿದ್ದರೂ ಎರಡು ಕಡೆ ಮಾಂಸ ಸೇರಿಕೊಳ್ಳುತ್ತದೆ. ಜಜ್ಜುವಾಗ ಹಾಕುವ ಚಿಚರೋನ್ ಹಂದಿಯ ಚರ್ಮದ ಕರಿದ ಚೂರು. ಜೊತೆಗೆ ಕೊಡುವ ಸಾರು ಸಾಮಾನ್ಯವಾಗಿ ಕೋಳಿಯದ್ದು. ‘ಸಿನ್ ಚಿಚರೋನ್, ಸಿನ್ ಕಾಲ್ದೊ ದೆ ಪೊಯೊ’ ಎಂದು ಎರಡನ್ನೂ ಹೇಳಬೇಕು. ಬರೀ ‘ಸಿನ್ ಕಾರ್ನೆ’ ಎಂದರೆ ಕೆಲವರು ದೊಡ್ಡ ತುಂಡುಗಳನ್ನಷ್ಟೇ ಬಿಡುತ್ತಾರೆ. ಅನ್ನದ ಜೊತೆಗಿನ ಕಾಳಿನ ಗೊಜ್ಜಿಗೂ ಹ್ಯಾಮ್ ಹಾಕುವ ರೂಢಿ ಇದೆ, ‘ಸಿನ್ ಹಮೋನ್’ ಕೇಳಿ.

ಯೋಚನೆಯಿಲ್ಲದೆ ತಿನ್ನಬಹುದಾದದ್ದು ತೊಸ್ತೊನೆಸ್, ಬಾಳೆಕಾಯಿ ಬಿಲ್ಲೆಯನ್ನು ಒಮ್ಮೆ ಕರಿದು, ಚಪ್ಪಟೆ ಒತ್ತಿ, ಮತ್ತೆ ಕರಿದದ್ದು. ಎಣ್ಣೆ ಬೇರೆಯೇ ಎಂದು ಕೇಳುವ ಮಡಿವಂತರಿಗೆ ಬೀದಿಬದಿಯ ಕರಿದ ತಿಂಡಿಗಳು ಆಗುವುದಿಲ್ಲ. ಅದೇ ಬಾಣಲೆಯಲ್ಲಿ ಮೀನಿನ ಬಾಕಲಾಯಿತೊ ಬೇಯುತ್ತಿರುತ್ತದೆ. ಸಿಹಿಗೆ ತೆಂಬ್ಲೆಕೆ ಬಲು ಸೊಗಸು: ತೆಂಗಿನ ಹಾಲು, ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್), ಸಕ್ಕರೆ, ಮೇಲೆ ದಾಲ್ಚಿನ್ನಿ ಪುಡಿ, ಮೊಟ್ಟೆ ಇಲ್ಲ. ಸಕ್ಕರೆ ಪುಡಿ ಉದುರಿಸಿದ ಮಯೋರ್ಕಾ ಬನ್ನಿನಲ್ಲಿ ಮೊಟ್ಟೆ ಇರುತ್ತದೆ. ಬಿಸಿಲಿಗೆ ಗಾಡಿಯಲ್ಲಿ ಸಿಗುವ ಪಿರಾಗ್ವಾ ತಿನ್ನಿ, ಅದು ನಮ್ಮ ಐಸ್ ಗೋಲಾವೇ. ‘ತಮರಿಂದೊ’ ಎಂದು ಕೇಳಿದರೆ ಹುಣಸೆಹಣ್ಣಿನ ರಸ ಹಾಕಿಕೊಡುತ್ತಾರೆ. ಹುಳಿ ಸಿಹಿ ಎರಡೂ ನಮ್ಮ ನಾಲಿಗೆಗೆ ಪರಿಚಿತವೇ.

ಕಾಫಿಗೆ ಪೂರ್ಣ ಅಂಕ. ದ್ವೀಪದ ನಡುವಿನ ಬೆಟ್ಟಗಳಲ್ಲಿ ಬೆಳೆದ ಅರೇಬಿಕಾ, ಚಿಕೋರಿ ಬೆರಕೆ ಇಲ್ಲ. ಫಿಲ್ಟರ್ ಕಾಫಿಯ ಅಭ್ಯಾಸದವರು ‘ಕಫೆ ಕೊನ್ ಲೆಚೆ’ ಕೇಳಿ, ಹಾಲು ಕಡಿಮೆ ಸಾಕೆಂದರೆ ‘ಕೊರ್ತದಿತೊ’. ಮನೆಗೆ ತರಲು ಇಲ್ಲಿ ಕೊಳ್ಳಬೇಕಾದ ವಸ್ತುವೂ ಅದೇ. ಬೆಳೆದ ಊರಿನ ಹೆಸರು ಇರುವ ಪೊಟ್ಟಣ ಆರಿಸಿ. ಹುರಿದ ಬೀಜ, ಪುಡಿ ಒಯ್ಯಲು ಅಡ್ಡಿಯಿಲ್ಲ. ಮಾವಿನಹಣ್ಣು, ಮಣ್ಣಿನ ಸಮೇತ ಗಿಡ ಅಮೆರಿಕದ ಮುಖ್ಯನೆಲಕ್ಕೆ ಒಯ್ಯುವಂತಿಲ್ಲ. ಹಡಗಿನ ಷಾಪಿಂಗ್ ನಕ್ಷೆಯಲ್ಲಿ ಗುರುತಿಸಿದ ಒಡವೆ ಅಂಗಡಿಗಳು ಪ್ರಚಾರಕ್ಕೆ ಹಣ ಕೊಟ್ಟು ಅಲ್ಲಿ ಸೇರಿಕೊಂಡವು, ಅವಕ್ಕಾಗಿ ಈ ಮಧ್ಯಾಹ್ನ ಕಳೆಯುವುದು ಬೇಡ. ಅಂಗಡಿ ಖರೀದಿಗೆ 11.5% ತೆರಿಗೆಯೂ ಇದೆ.

ಬಿಡಬಹುದಾದವು

ಎಲ್ ಯುಂಕೆ ಮಳೆಕಾಡು ಊರಿನಿಂದ ಪೂರ್ವಕ್ಕೆ ಒಂದು ಗಂಟೆಯ ದಾರಿ, ವಾಹನ ದಟ್ಟಣೆಯಲ್ಲಿ ಇನ್ನೂ ಹೆಚ್ಚು. ಕಾಡು ಒಳ್ಳೆಯದೇ, ಆರು ಗಂಟೆಯ ನಿಲುಗಡೆಗೆ ಅದು ಹೊಂದುವುದಿಲ್ಲ. ಬೆಳಿಗ್ಗೆ ಬಂದು ರಾತ್ರಿ ಹೊರಡುವ ಹಡಗಾಗಿದ್ದು ಹೋಗಲೇಬೇಕೆಂದರೆ ಇದೊಂದಕ್ಕೆ ಮಾತ್ರ ಹಡಗಿನವರ ಟೂರ್ ಕೊಳ್ಳಿ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ. ಆಗುಂಬೆ, ಚಾರ್ಮಾಡಿಯ ಮಳೆ ಕಂಡವರು ಈ ಆಸೆಯನ್ನು ಸುಲಭವಾಗಿ ಬಿಡಬಹುದು. ರಮ್ ಕಾರ್ಖಾನೆ ಕೊಲ್ಲಿಯಾಚೆ ಕತಾನ್ಯೊದಲ್ಲಿದೆ. 2ನೇ ಪಿಯರಿನಿಂದ ಅರ್ಧ ಡಾಲರಿಗೆ ದೋಣಿ ಸಿಗುತ್ತದೆ. ಕಾರ್ಖಾನೆ ನೋಡದಿದ್ದರೂ ನಷ್ಟವಿಲ್ಲ, ದೋಣಿಯಿಂದ ಕಾಣುವ ಹಳೇ ಊರಿನ ನೋಟಕ್ಕೆ ಮಾತ್ರ ಆ ಅರ್ಧ ಡಾಲರ್ ಸಾರ್ಥಕ. ಕಡಲಲ್ಲಿ ಇಳಿಯಲೇಬೇಕೆಂದರೆ ಹತ್ತಿರದ ಎಸ್ಕಂಬ್ರೊನ್‌ಗೆ ಹೋಗಿ, ಬಂಡೆಸಾಲು ಅಲೆ ತಡೆಯುತ್ತದೆ. ಕೊಂದಾದೊ ತೀರದಲ್ಲಿ ಒಳಗೆಳೆಯುವ ಸೆಳವು ಬಲವಾಗಿದೆ, ಈಜು ಬಲ್ಲವರೂ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ.

ಹಡಗು ಹೊರಡುವಾಗ ಕೋಣೆಯಲ್ಲಿ ಇರಬೇಡಿ, ರಾತ್ರಿಯಾಗಿದ್ದರೂ ಸರಿ. ಕೊಲ್ಲಿಯಿಂದ ಹೊರಗೆ ಸಾಗುವಾಗ ಎಲ್ ಮೊರೊ ಬರುವುದು ಬಲಬದಿಗೆ, ಒಳಗೆ ಬರುವಾಗ ಎಡಬದಿಗೆ. ಹತ್ತು ನಿಮಿಷ ಮುಂಚೆ ಮೇಲಿನ ಡೆಕ್ಕಿನ ಬಲಗಡೆ ಕಟಕಟೆ ಹಿಡಿದು ನಿಂತರೆ, ಮಧ್ಯಾಹ್ನ ನೀವು ನಿಂತಿದ್ದ ಕೆಳಗಿನ ತೋಪುಗಟ್ಟೆ ಕಣ್ಣಿನ ನೇರಕ್ಕೇ ಸರಿದು ಹೋಗುತ್ತದೆ.